ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಗೀತೆಗಳು

ದಿ ರಘು ದೀಕ್ಷಿತ್ ಪ್ರಾಜೆಕ್ಟ್ ಕರ್ನಾಟಕದ ಒಂದು ಜನಪದ-ರಾಕ್ ಸಂಗೀತ ತಂಡ. ಮೈಸೂರಿನಲ್ಲಿ ಬೆಳೆದ ಗಾಯಕ, ಗಿಟಾರ್ ವಾದಕ ಹಾಗೂ ಸಂಗೀತ ನಿರ್ದೇಶಕ ರಘು ದೀಕ್ಷಿತ್ ಇದರ ಸ್ಥಾಪಕರು. ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡ ಈ ತಂಡವು ಕನ್ನಡ, ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಹಾಡುತ್ತದೆ. ತಂಡದ ಕನ್ನಡ ಗೀತೆಗಳಲ್ಲಿ ಹೆಚ್ಚು ಪ್ರಸಿದ್ಧವಾದವು ಹತ್ತೊಂಬತ್ತನೆಯ ಶತಮಾನದ ತತ್ವಪದಕಾರ ಸಂತ ಶಿಶುನಾಳ ಶರೀಫರ ರಚನೆಗಳು. ಏಕತಾರಿ ಮತ್ತು ತಾಳದೊಂದಿಗೆ ಭಜನೆಯ ಮೇಳಗಳಲ್ಲಿ ಹಾಡಲಾಗುತ್ತಿದ್ದ ಪದಗಳನ್ನು ಗಿಟಾರ್, ವಯಲಿನ್, ಕೊಳಲು ಮತ್ತು ಡ್ರಮ್ಸ್‌ಗಳೊಂದಿಗೆ ಹಾಡಿ, ಆವರೆಗೆ ಅವುಗಳ ಪರಿಚಯವಿಲ್ಲದ ಕೇಳುಗರಿಗೆ ತಲುಪಿಸಿದ್ದು ಈ ತಂಡದ ಮುಖ್ಯ ಸಾಧನೆಯೆಂದು ಪರಿಗಣಿಸಬಹುದು. ಈ ಲೇಖನವು ತಂಡದ ಪ್ರಮುಖ ಗೀತೆಗಳನ್ನು, ಅವುಗಳ ಸಾಹಿತ್ಯದ ಮೂಲವನ್ನು ಮತ್ತು ಕೇಳುಗರು ಅವುಗಳನ್ನು ಮೆಚ್ಚಲು ಇರುವ ಕಾರಣಗಳನ್ನು ವಿವರಿಸುತ್ತದೆ.

ಹಿನ್ನೆಲೆ

ರಘು ದೀಕ್ಷಿತ್ ಅವರು 1974ರಲ್ಲಿ ಮಹಾರಾಷ್ಟ್ರದ ನಾಸಿಕ್‌ನಲ್ಲಿ ಜನಿಸಿದರು. ಅವರ ಬಾಲ್ಯ ಮತ್ತು ವಿದ್ಯಾಭ್ಯಾಸ ಮೈಸೂರಿನಲ್ಲಿ ನಡೆಯಿತು. ಚಿಕ್ಕಂದಿನಲ್ಲಿ ಭರತನಾಟ್ಯವನ್ನು ಕಲಿತರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ಕಾಲೇಜಿನ ದಿನಗಳಲ್ಲಿ ಸಹಪಾಠಿಯೊಬ್ಬರು ತಮ್ಮ ನೃತ್ಯಾಭ್ಯಾಸವನ್ನು ಹಾಸ್ಯ ಮಾಡಿದ್ದರಿಂದ ಪಂತ ಕಟ್ಟಿ ಗಿಟಾರ್ ಕಲಿತುದಾಗಿ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕೆಲಕಾಲ ಬೆಲ್ಜಿಯಂನಲ್ಲಿ ಉದ್ಯೋಗ ಮಾಡಿ, ಬಳಿಕ ಸಂಗೀತವನ್ನೇ ವೃತ್ತಿಯಾಗಿ ಆರಿಸಿಕೊಂಡರು.

ಅವರ ಮೊದಲ ತಂಡದ ಹೆಸರು 'ಅಂತರಾಗ್ನಿ'. ವಯಲಿನ್ ವಾದಕ ಎಚ್. ಎನ್. ಭಾಸ್ಕರ್ ಅವರೊಂದಿಗೆ ಕಟ್ಟಿದ ಈ ತಂಡದಲ್ಲಿ ಕರ್ನಾಟಕ ಸಂಗೀತದ ವಯಲಿನ್ ಮತ್ತು ಪಾಶ್ಚಾತ್ಯ ಗಿಟಾರ್ ಜೊತೆಗೂಡಿದ್ದವು. ಆ ತಂಡ ಚದುರಿದ ನಂತರ ರಘು ದೀಕ್ಷಿತ್ ಅವರು 'ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಹೊಸ ತಂಡವನ್ನು ರೂಪಿಸಿದರು. ನಿಗದಿತ ಸದಸ್ಯರಿಗೆ ಸೀಮಿತವಾಗದೆ ಬೇರೆ ಬೇರೆ ಕಲಾವಿದರು ಬಂದು ಕೂಡಿಕೊಳ್ಳಬಹುದಾದ ಮುಕ್ತ ವೇದಿಕೆ ಎಂಬುದು ಈ ಹೆಸರಿನ ಆಶಯ. ಬಣ್ಣಬಣ್ಣದ ಲುಂಗಿ ಮತ್ತು ಕಾಲಿಗೆ ಕಟ್ಟಿದ ಗೆಜ್ಜೆ ರಘು ದೀಕ್ಷಿತ್ ಅವರ ವೇದಿಕೆಯ ಗುರುತುಗಳಾಗಿವೆ.

ಆ ಕಾಲದ ಬೆಂಗಳೂರಿನ ರಾಕ್ ಸಂಗೀತ

ಬೆಂಗಳೂರು ಭಾರತದ ರಾಕ್ ಸಂಗೀತದ ಪ್ರಮುಖ ಕೇಂದ್ರಗಳಲ್ಲಿ ಒಂದು. ರೋಲಿಂಗ್ ಸ್ಟೋನ್ಸ್ (2003), ಐರನ್ ಮೇಡನ್ (2007), ಮೆಟಾಲಿಕಾ (2011) ಮುಂತಾದ ಜಗತ್ಪ್ರಸಿದ್ಧ ತಂಡಗಳು ಇಲ್ಲಿ ಕಾರ್ಯಕ್ರಮ ನೀಡಿವೆ. 1990ರ ದಶಕದಲ್ಲಿ ಆರಂಭವಾದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್‌ನಂತಹ ಸ್ಥಳೀಯ ತಂಡಗಳು ಸ್ವಂತ ಗೀತೆಗಳನ್ನು ರಚಿಸಿ ಹಾಡಿದವು. ಆದರೆ ಈ ವಲಯದ ಭಾಷೆ ಬಹುಮಟ್ಟಿಗೆ ಇಂಗ್ಲಿಷ್ ಆಗಿತ್ತು.

ಕನ್ನಡ ಕಾವ್ಯವನ್ನು ಹಾಡುವ ಪರಂಪರೆ ಬೇರೆಯದೇ ದಾರಿಯಲ್ಲಿ ಬೆಳೆದಿತ್ತು. ಕರಾವಳಿಯ ಪಾಂಡೇಶ್ವರದ ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ಕಟ್ಟಿದ ಸುಗಮ ಸಂಗೀತವು ಹಾರ್ಮೋನಿಯಂ, ತಬಲಾ ಮತ್ತು ಕೊಳಲುಗಳ ಹಿಮ್ಮೇಳದಲ್ಲಿ ಭಾವಗೀತೆಗಳನ್ನು ಮನೆಮನೆಗೆ ತಲುಪಿಸಿತು. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮವು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಭಾರಿ ಜನಸ್ತೋಮದ ಮುಂದೆ ನಡೆಯಿತು. ಎರಡು ವರ್ಷಗಳ ನಂತರ ಐರನ್ ಮೇಡನ್ ಹಾಡಿದ್ದೂ ಅದೇ ಅರಮನೆ ಮೈದಾನದಲ್ಲಿ. ಮೈದಾನ ಒಂದೇ ಆಗಿದ್ದರೂ ಎರಡೂ ಸಂಗೀತಗಳ ಕೇಳುಗರು ಹೆಚ್ಚಾಗಿ ಬೇರೆ ಬೇರೆಯಾಗಿದ್ದರು. ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಗೀತಸಂಪುಟ ಬಂದದ್ದು ಈ ಎರಡು ಲೋಕಗಳ ನಡುವಿನ ಅಂತರದಲ್ಲಿ.

ಗೀತಸಂಪುಟಗಳು

ತಂಡದ ಮೊದಲ ಗೀತಸಂಪುಟವು 2008ರಲ್ಲಿ, ಹಿಂದಿ ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಧ್ವನಿಮುದ್ರಣ ಸಂಸ್ಥೆಯ ಮೂಲಕ ಹೊರಬಂದಿತು. ಇದರಲ್ಲಿ ಎಂಟು ಗೀತೆಗಳಿವೆ: 'ಹೇ ಭಗವಾನ್', 'ಮೈಸೂರ್ ಸೇ ಆಯಿ', 'ಹರ್ ಸಾಂಸ್ ಮೇ', 'ಗುಡುಗುಡಿಯಾ ಸೇದಿ ನೋಡೋ', 'ಅಂಬರ್', 'ಖಿಡ್ಕಿ', 'ನೋ ಮ್ಯಾನ್ ವಿಲ್ ಎವರ್ ಲವ್ ಯೂ ಲೈಕ್ ಐ ಡೂ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'. ಇವುಗಳಲ್ಲಿ ಎರಡು ಕನ್ನಡದವು, ಒಂದು ಇಂಗ್ಲಿಷಿನದು, ಉಳಿದವು ಹಿಂದಿಯವು. ಕನ್ನಡದ ಎರಡೂ ಗೀತೆಗಳು ಶರೀಫರ ತತ್ವಪದಗಳೇ ಆಗಿವೆ.

ಎರಡನೆಯ ಗೀತಸಂಪುಟ 'ಜಗ್ ಚಂಗಾ' 2013ರಲ್ಲಿ ಬಿಡುಗಡೆಯಾಯಿತು. 'ಜಗವು ಚೆನ್ನಾಗಿದೆ' ಎಂಬುದು ಈ ಶೀರ್ಷಿಕೆಯ ಅರ್ಥ. ಶರೀಫರ 'ಲೋಕದ ಕಾಳಜಿ' ಈ ಸಂಪುಟದ ಪ್ರಮುಖ ಕನ್ನಡ ಗೀತೆ. ಲೋಕವನ್ನು ಕುರಿತ ಚಿಂತೆಯನ್ನು ಗೇಲಿ ಮಾಡುವ ಹಳೆಯ ಪದವೂ ಲೋಕ ಚೆನ್ನಾಗಿದೆ ಎನ್ನುವ ಹೊಸ ಗೀತೆಯೂ ಒಂದೇ ಸಂಪುಟದಲ್ಲಿ ಇರುವುದು ಗಮನಾರ್ಹ.

ಶರೀಫರ ತತ್ವಪದಗಳು

ಶಿಶುನಾಳ ಶರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಗ್ರಾಮದವರು. ಮುಸ್ಲಿಂ ಕುಟುಂಬದಲ್ಲಿ ಜನಿಸಿದ ಅವರು ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಸ್ವೀಕರಿಸಿದರು. ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ನವಲಗುಂದದ ನಾಗಲಿಂಗಯೋಗಿಗಳು ಅವರ ಆಪ್ತರಾಗಿದ್ದರು. ಅವರ ಪದಗಳು 'ಶಿಶುನಾಳಧೀಶ' ಎಂಬ ಅಂಕಿತವನ್ನು ಹೊಂದಿವೆ.

ತತ್ವಪದಗಳು ಮೂಲತಃ ಓದುವುದಕ್ಕಾಗಿ ಬರೆದವುಗಳಲ್ಲ. ಗುಂಪಿನಲ್ಲಿ ಹಾಡುವುದಕ್ಕಾಗಿ ಹುಟ್ಟಿದವು. ಒಬ್ಬರು ನುಡಿಯನ್ನು ಹಾಡುತ್ತಾರೆ, ಮೇಳದವರು ಪಲ್ಲವಿಯನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಪ್ರತಿ ನುಡಿಯೂ ಹೊಸದೊಂದು ಚಿತ್ರವನ್ನು ತರುತ್ತದೆ. ಪಲ್ಲವಿಯು ಆ ಚಿತ್ರವನ್ನು ಮುಖ್ಯ ಆಶಯಕ್ಕೆ ಜೋಡಿಸುತ್ತದೆ. ರಾಕ್ ಗೀತೆಗಳ ರಚನೆಯೂ ಇದೇ ಬಗೆಯದು: ಕಥೆಯನ್ನು ಹೇಳುವ ಚರಣ, ಸಭೆಯೆಲ್ಲ ಕೂಡಿ ಹಾಡುವ ಪುನರಾವರ್ತಿತ ಪಲ್ಲವಿ. ಶರೀಫರ ಪದಗಳು ಗಿಟಾರ್ ಸಂಗೀತಕ್ಕೆ ಸುಲಭವಾಗಿ ಒಗ್ಗಿದ್ದಕ್ಕೆ ಈ ಸಾಮ್ಯವೇ ಮುಖ್ಯ ಕಾರಣ. ತಂಡವು ಪದಗಳ ನುಡಿ–ಪಲ್ಲವಿಗಳ ಕಟ್ಟನ್ನು ಒಡೆಯಬೇಕಾಗಿ ಬರಲಿಲ್ಲ. ಭಜನೆಯ ಮೇಳ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮೈದಾನದ ಜನಸಮೂಹ ಮಾಡುತ್ತದೆ.

ಗುಡುಗುಡಿಯಾ ಸೇದಿ ನೋಡೋ

ಗುಡುಗುಡಿ ಎಂದರೆ ಹುಕ್ಕಾ. ನೀರಿನ ಮೂಲಕ ಹೊಗೆ ಹಾದುಬರುವಾಗ ಆಗುವ ಸದ್ದಿನಿಂದ ಈ ಹೆಸರು ಬಂದಿದೆ. ಮೇಲ್ನೋಟಕ್ಕೆ ಹೊಗೆ ಸೇದಲು ಆಹ್ವಾನಿಸುವ ಈ ಪದವು ವಾಸ್ತವವಾಗಿ ಒಳಗಿನ ಕಲ್ಮಶವನ್ನು ಸುಟ್ಟು ಹೊರಹಾಕುವ ಬಗೆಯನ್ನು ಹೇಳುತ್ತದೆ. ಮನಸ್ಸು ಸಂಚಿಯಾಗಿಯೂ ಮೋಹವು ಅದರಿಂದ ತೆಗೆದು ಕೊಚ್ಚಬೇಕಾದ ವಸ್ತುವಾಗಿಯೂ ಇಲ್ಲಿ ರೂಪಕಗೊಂಡಿವೆ. ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಹೊಗೆ ಸೇದುವವರಿಗೆ ಅವರದೇ ಸಾಮಗ್ರಿಯಿಂದ ಅಧ್ಯಾತ್ಮವನ್ನು ತಿಳಿಸುವುದು ಶರೀಫರ ಕ್ರಮ.

ತಂಡದ ಕಾರ್ಯಕ್ರಮಗಳಲ್ಲಿ ಇದು ಅತ್ಯಂತ ಜನಪ್ರಿಯವಾದ ಕನ್ನಡ ಗೀತೆಗಳಲ್ಲಿ ಒಂದು. ಇದರ ಲಯ ಚುರುಕಾಗಿದ್ದು, ಪಲ್ಲವಿಯು ಭಾಷೆ ತಿಳಿಯದವರೂ ಕೂಡಿ ಹಾಡುವಷ್ಟು ಸರಳವಾಗಿದೆ. ಗೀತೆಯ ಹೊರ ಅರ್ಥವನ್ನಷ್ಟೇ ಹಿಡಿದು ಇದನ್ನು ಅಮಲಿನ ಹಾಡೆಂದು ಭಾವಿಸುವ ಸಾಧ್ಯತೆ ಇದೆ. ಆದರೆ ಈ ಅಪಾಯ ಮೂಲ ಪದದಲ್ಲಿಯೇ ಅಡಗಿದೆ. ಹೊರಗಿನ ಅರ್ಥದಿಂದ ಸೆಳೆದು ಒಳಗಿನ ಅರ್ಥಕ್ಕೆ ಕೊಂಡೊಯ್ಯುವುದು ಈ ಪದದ ಉದ್ದೇಶವಾದ್ದರಿಂದ, ಮೊದಲ ಸೆಳೆತವು ರಾಕ್ ಸಂಗೀತದಿಂದ ಉಂಟಾದರೆ ಅದು ಪದದ ಸ್ವಭಾವಕ್ಕೆ ವಿರುದ್ಧವಾಗುವುದಿಲ್ಲ.

ಸೋರುತಿಹುದು ಮನಿಯ ಮಾಳಿಗಿ

ಈ ಪದದಲ್ಲಿ ಮನೆಯು ದೇಹ ಹಾಗೂ ಬದುಕಿನ ರೂಪಕವಾಗಿದೆ. ಅಜ್ಞಾನದಿಂದಾಗಿ ಮಾಳಿಗೆ ಸೋರುತ್ತಿದೆ; ತೊಲೆ ಮುರಿದಿದೆ, ಜಂತೆಗೆ ಹುಳು ಹಿಡಿದಿದೆ, ಕೀಲುಗಳು ಸಡಿಲಗೊಂಡಿವೆ; ಕತ್ತಲೆಯಲ್ಲಿ ಮೇಲೇರಿ ಸರಿಪಡಿಸುವವರಿಲ್ಲ.

ಈ ಚಿತ್ರವನ್ನು ಸರಿಯಾಗಿ ಗ್ರಹಿಸಲು ಉತ್ತರ ಕರ್ನಾಟಕದ ಮನೆಯ ರಚನೆಯನ್ನು ತಿಳಿದಿರಬೇಕು. ಕರಾವಳಿಯಲ್ಲಿ ಮಾಳಿಗೆ ಎಂದರೆ ಮೇಲಂತಸ್ತು ಎಂಬ ಅರ್ಥವೇ ರೂಢಿಯಲ್ಲಿದೆ. ಅಲ್ಲಿನ ಮನೆಗಳಿಗೆ ಇಳಿಜಾರಾದ ಹೆಂಚಿನ ಮಾಡು ಇರುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಮಂಗಳೂರು ಹೆಂಚು ದೂರದೂರದ ಊರುಗಳಿಗೂ ಹರಡಿತು. ಹೆಂಚಿನ ಮಾಡು ಸೋರಿದರೆ ಒಡೆದ ಹೆಂಚನ್ನು ಬದಲಿಸಿದರೆ ಸಾಕು. ಬಯಲುಸೀಮೆಯ ಮಾಳಿಗೆಯಾದರೋ ತೊಲೆ–ಜಂತೆಗಳ ಮೇಲೆ ಮಣ್ಣು ಹಾಸಿದ ಸಮತಟ್ಟಾದ ಚಾವಣಿ. ಅದು ಸೋರತೊಡಗಿದರೆ ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಕಂಡುಹಿಡಿಯುವುದೇ ಕಷ್ಟ. ಮಣ್ಣು ನೆನೆದು ಭಾರವಾದಂತೆ ಕೆಳಗಿನ ಮರವೂ ಕೊಳೆಯುತ್ತದೆ. ಕಾಲಕಾಲಕ್ಕೆ ಮೇಲೆ ಹತ್ತಿ ಮಣ್ಣನ್ನು ಗಟ್ಟಿಗೊಳಿಸುತ್ತಿರದಿದ್ದರೆ ಇಡೀ ಮನೆಯೇ ಕುಸಿಯಬಹುದು. ಅಜ್ಞಾನವನ್ನು ಇಂತಹ ಸೋರಿಕೆಗೆ ಹೋಲಿಸಿರುವುದರಿಂದ, ಅದು ಒಂದು ದಿನದ ತಪ್ಪಲ್ಲ, ನಿತ್ಯದ ಅಲಕ್ಷ್ಯದ ಫಲ ಎಂಬ ಅರ್ಥ ಹೊರಡುತ್ತದೆ.

ಮೊದಲ ಸಂಪುಟದ ಕೊನೆಯ ಗೀತೆಯಾಗಿರುವ ಇದು ನಿಧಾನಗತಿಯದು. ಇದೇ ಸಂಪುಟದ ಚುರುಕಾದ ಗೀತೆಗಳನ್ನು ಕೇಳಿ ಬಂದವರಿಗೆ ಇಲ್ಲಿನ ನಿಧಾನವು ಎದ್ದು ಕಾಣುತ್ತದೆ. ಶೀರ್ಷಿಕೆಯಲ್ಲಿ 'ಮನೆ', 'ಮಾಳಿಗೆ' ಎಂಬ ಗ್ರಂಥಸ್ಥ ರೂಪಗಳ ಬದಲು 'ಮನಿ', 'ಮಾಳಿಗಿ' ಎಂಬ ಧಾರವಾಡ ಸೀಮೆಯ ರೂಪಗಳನ್ನು ಉಳಿಸಿಕೊಳ್ಳಲಾಗಿದೆ. ಮೈಸೂರಿನ ಕನ್ನಡದಲ್ಲಿ ಬೆಳೆದ ಗಾಯಕರೊಬ್ಬರು ಈ ಉಚ್ಚಾರವನ್ನು ತಿದ್ದದೆ ಹಾಡಿರುವುದನ್ನು ಅಭಿಮಾನಿಗಳು ವಿಶೇಷವಾಗಿ ಮೆಚ್ಚುತ್ತಾರೆ.

ಲೋಕದ ಕಾಳಜಿ

ಲೋಕದ ಚಿಂತೆಯನ್ನೆಲ್ಲ ತಾನೇ ಹೊತ್ತಿರುವೆನೆಂದು ಹೇಳಿಕೊಳ್ಳುವ ಮನುಷ್ಯನನ್ನು ಈ ಪದ ಏಕವಚನದಲ್ಲಿ ಮಾತನಾಡಿಸುತ್ತದೆ. ಮಾಳಿಗೆಯ ಮೇಲೆ ಮಾಳಿಗೆ ಕಟ್ಟುವ ಆಸೆ, ಆನೆ–ಅಂಬಾರಿ ಏರುವ ಹಂಬಲ, ಎಲ್ಲವೂ ತನ್ನದೆಂಬ ಭ್ರಮೆ ಇವುಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಕೊನೆಗೆ ಮಣ್ಣಿಗೆ ಸೇರುವುದನ್ನು ಮರೆತಿದ್ದೀಯೆ ಎಂದು ಎಚ್ಚರಿಸುತ್ತದೆ. ಸಾಲುಗಳ ಕೊನೆಯಲ್ಲಿ 'ಅಂತಿ' ಎಂಬ ಆಡುನುಡಿಯ ಕ್ರಿಯಾಪದ ಮರಳಿ ಮರಳಿ ಬರುತ್ತದೆ. 'ಹೀಗೆ ಹೇಳುತ್ತೀಯೆ' ಎಂಬ ಅರ್ಥದ ಈ ಪದವೇ ಗೀತೆಯ ಲಯವನ್ನೂ ವ್ಯಂಗ್ಯವನ್ನೂ ಹೊತ್ತಿದೆ. ಕಟ್ಟೆಯ ಮೇಲೆ ಕುಳಿತ ಹಿರಿಯರು ಕಿರಿಯನ ಬಡಾಯಿಯನ್ನು ಅವನ ಮಾತಿನಿಂದಲೇ ಹಂಗಿಸುವ ಧಾಟಿ ಇದು.

ಮರಣವನ್ನು ನೆನಪಿಸುವ ಸಾಹಿತ್ಯವನ್ನು ಕುಣಿತಕ್ಕೆ ಒಗ್ಗುವ ಸಂಗೀತದಲ್ಲಿ ಹಾಡಿರುವುದು ಮೊದಲಿಗೆ ವಿರೋಧಾಭಾಸದಂತೆ ತೋರಬಹುದು. ಆದರೆ ಈ ಪದದ ಉದ್ದೇಶ ಕೇಳುಗರನ್ನು ಹೆದರಿಸುವುದಲ್ಲ, ಹೊತ್ತ ಭಾರವನ್ನು ಇಳಿಸುವುದು. ಆ ಹಗುರತನವನ್ನು ತಂಡದ ಪ್ರಸ್ತುತಿ ಸರಿಯಾಗಿ ಗುರುತಿಸಿದೆ. ಈ ಗೀತೆ ತಂಡದ ಅತ್ಯುತ್ತಮ ಕನ್ನಡ ಗೀತೆಯೆಂದು ಅನೇಕ ಅಭಿಮಾನಿಗಳು ಭಾವಿಸಲು ಇದೇ ಕಾರಣ.

ಕೋಡಗನ ಕೋಳಿ ನುಂಗಿತ್ತ

ಶರೀಫರ ಪದಗಳಲ್ಲಿ ಅತ್ಯಂತ ಜನಪ್ರಿಯವಾದ ಇದನ್ನೂ ತಂಡ ಹಾಡಿದೆ. ಕೋಳಿಯು ಕೋತಿಯನ್ನು, ಆಡು ಆನೆಯನ್ನು, ಗೋಡೆಯು ಸುಣ್ಣವನ್ನು, ಮದ್ದಳೆಯು ಕುಣಿಯಲು ಬಂದವಳನ್ನು ನುಂಗುವ ಅಸಂಗತ ಚಿತ್ರಗಳು ಇಲ್ಲಿ ಸಾಲಾಗಿ ಬರುತ್ತವೆ. ಕೊನೆಯಲ್ಲಿ ಗುರುವಿನ ಪಾದವು ಕವಿಯನ್ನೇ ನುಂಗುತ್ತದೆ. ಸಣ್ಣದು ದೊಡ್ಡದನ್ನು ನುಂಗುವ ಈ ಸರಣಿಯು ಅಹಂಕಾರ ಕರಗುವುದನ್ನು ಸೂಚಿಸುತ್ತದೆ. ಒಗಟಿನಂತಹ ಮಾತಿನಲ್ಲಿ ಅನುಭಾವವನ್ನು ಹೇಳುವ ಈ ರೀತಿಯು ಅಲ್ಲಮಪ್ರಭುವಿನ ಬೆಡಗಿನ ವಚನಗಳಿಂದ ಬಂದ ಪರಂಪರೆಯ ಮುಂದುವರಿಕೆ. ಮಕ್ಕಳು ಇದನ್ನು ತಮಾಷೆಯ ಹಾಡಾಗಿ ಕೇಳುತ್ತಾರೆ, ಹಿರಿಯರು ಬೆಡಗಾಗಿ ಕೇಳುತ್ತಾರೆ; ಎರಡೂ ಬಗೆಯ ಕೇಳುವಿಕೆಗೆ ಪದದಲ್ಲಿ ಸ್ಥಳವಿದೆ.

ಮಾದೇಶ್ವರನ ಹಾಡು

ರಘು ದೀಕ್ಷಿತ್ ಅವರು ಸಂಗೀತ ನೀಡಿದ ಮೊದಲ ಕನ್ನಡ ಚಲನಚಿತ್ರ 'ಸೈಕೋ' (2008). ಈ ಚಿತ್ರದ 'ನಿನ್ನ ಪೂಜೆಗೆ ಬಂದೆ ಮಾದೇಶ್ವರ' ಗೀತೆಯು ಚಿತ್ರಕ್ಕಿಂತ ಹೆಚ್ಚು ಕಾಲ ಜನಮನದಲ್ಲಿ ಉಳಿಯಿತು. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಭಕ್ತಿಪರಂಪರೆಯು ಈ ಗೀತೆಯ ಹಿನ್ನೆಲೆ. ಈ ಪರಂಪರೆಯ ಕಲಾವಿದರಾದ ದೇವರಗುಡ್ಡರು ಕಂಸಾಳೆ ಎಂಬ ಕಂಚಿನ ತಾಳವನ್ನು ಬಾರಿಸುತ್ತ ಮಾದೇಶ್ವರನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ.

ಶರೀಫರ ಪದಗಳು ಉತ್ತರ ಕರ್ನಾಟಕದ ನುಡಿಯಾದರೆ, ಇದು ಹಳೆಯ ಮೈಸೂರು ಪ್ರಾಂತದ ದಕ್ಷಿಣದಂಚಿನ ನುಡಿ. ಶರೀಫರ ಪದಗಳಲ್ಲಿ ಉಪದೇಶ ಮತ್ತು ವಿಡಂಬನೆ ಮುಖ್ಯವಾಗಿದ್ದರೆ, ಮಾದೇಶ್ವರನ ಹಾಡಿನಲ್ಲಿ ದೇವರನ್ನು ಹೆಸರು ಹಿಡಿದು ಕೂಗಿ ಕರೆಯುವ ಮೊರೆ ಮುಖ್ಯವಾಗಿದೆ. ಹೀಗಾಗಿ ಎರಡು ಪ್ರದೇಶಗಳ, ಎರಡು ಬಗೆಯ ಭಕ್ತಿಯ ಹಾಡುಗಳು ಒಂದೇ ಗಾಯಕರ ಕಂಠದಲ್ಲಿ ದೊರೆಯುತ್ತವೆ.

ಹಿಂದಿ ಮತ್ತು ಇಂಗ್ಲಿಷ್ ಗೀತೆಗಳು

'ಮೈಸೂರ್ ಸೇ ಆಯಿ' ತಂಡಕ್ಕೆ ಕರ್ನಾಟಕದ ಹೊರಗೆ ಹೆಸರು ತಂದ ಗೀತೆ. ಮೈಸೂರಿನಿಂದ ಬಂದ ಹುಡುಗಿಯನ್ನು ಕುರಿತ ಲವಲವಿಕೆಯ ಈ ಗೀತೆಯು ಹಿಂದಿಯಲ್ಲಿದ್ದರೂ ಊರಿನ ಹೆಸರಿನಿಂದ ತನ್ನ ನೆಲೆಯನ್ನು ಸಾರುತ್ತದೆ.

'ಹೇ ಭಗವಾನ್' ಗೀತೆಯಲ್ಲಿ ದೇವರಲ್ಲಿ ಮತ್ತೊಮ್ಮೆ ಬದುಕನ್ನು ಬೇಡುವ ಮನುಷ್ಯನೊಬ್ಬನ ಮೊರೆ ಇದೆ. ಬದುಕಿದ್ದಾಗ ಬದುಕಲು ಮರೆತವನ ಹಳಹಳಿ ಇದರ ವಸ್ತು. ಈ ಕಾರಣದಿಂದ ಇದನ್ನು 'ಲೋಕದ ಕಾಳಜಿ'ಯ ಜೊತೆಗಿಟ್ಟು ಕೇಳುವುದು ಉಪಯುಕ್ತ. ಶರೀಫರ ಪದ ಹೊರಗಿನಿಂದ ಎಚ್ಚರಿಸುತ್ತದೆ. ಹಿಂದಿ ಗೀತೆಯು ಎಚ್ಚರಿಕೆ ತಡವಾಗಿ ತಲುಪಿದವನ ಒಳಗಿನಿಂದ ಮಾತನಾಡುತ್ತದೆ. ತತ್ವಪದದ ಚಿಂತನೆಯು ತಂಡದ ಕನ್ನಡೇತರ ಗೀತೆಗಳಲ್ಲೂ ಕಾಣುತ್ತದೆ ಎಂಬುದಕ್ಕೆ ಇದು ನಿದರ್ಶನ.

'ನೋ ಮ್ಯಾನ್ ವಿಲ್ ಎವರ್ ಲವ್ ಯೂ ಲೈಕ್ ಐ ಡೂ' ಮೊದಲ ಸಂಪುಟದ ಏಕೈಕ ಇಂಗ್ಲಿಷ್ ಗೀತೆ. ನೇರವಾದ ಪ್ರೇಮನಿವೇದನೆಯಾದ ಇದರಲ್ಲಿ ಜನಪದದ ಛಾಯೆ ಕಡಿಮೆ. ಆದರೂ ಅಂದಿನ ಇಂಗ್ಲಿಷ್ ರಾಕ್ ಕೇಳುಗರನ್ನು ಸಂಪುಟದತ್ತ ಸೆಳೆಯಬಲ್ಲ ಗೀತೆಯಾಗಿ, ಕನ್ನಡ ಪದಗಳಿಗೆ ದಾರಿ ಮಾಡಿಕೊಡುವ ಪಾತ್ರವನ್ನು ಇದು ವಹಿಸುತ್ತದೆ.

ಚಲನಚಿತ್ರ ಗೀತೆಗಳ ಪೈಕಿ, ಸುದೀಪ್ ನಿರ್ದೇಶನದ 'ಜಸ್ಟ್ ಮಾತ್ ಮಾತಲ್ಲಿ' (2010) ಚಿತ್ರದ 'ಮುಂಜಾನೆ ಮಂಜಲ್ಲಿ' ಗೀತೆಯು ವ್ಯಾಪಕ ಜನಪ್ರಿಯತೆ ಪಡೆಯಿತು. ತತ್ವಪದಗಳನ್ನು ಹಾಡುವಾಗಿನ ಏರುದನಿಗಿಂತ ಭಿನ್ನವಾದ ಮೆಲುದನಿಯ ಗಾಯನ ಇದರಲ್ಲಿದೆ.

ಸುಗಮ ಸಂಗೀತ ಪರಂಪರೆಯೊಂದಿಗೆ ಹೋಲಿಕೆ

ಶರೀಫರ ಪದಗಳನ್ನು ಆಧುನಿಕ ಕಾಲದಲ್ಲಿ ನಾಡಿನಾದ್ಯಂತ ಹರಡಿದವರಲ್ಲಿ ಸಿ. ಅಶ್ವತ್ಥ್ (1939–2009) ಅಗ್ರಗಣ್ಯರು. ಟಿ. ಎಸ್. ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' (1990) ಚಿತ್ರಕ್ಕೆ ಅವರು ಸಂಗೀತ ನೀಡಿದರು. ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡ್ ಗೋವಿಂದ ಭಟ್ಟರಾಗಿಯೂ ನಟಿಸಿದ ಈ ಚಿತ್ರವು ರಾಷ್ಟ್ರೀಯ ಭಾವೈಕ್ಯಕ್ಕಾಗಿ ನೀಡುವ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯನ್ನು ಪಡೆಯಿತು. ಅಶ್ವತ್ಥ್ ಅವರ ಧಾಟಿಗಳು ಎಷ್ಟು ಬಳಕೆಗೆ ಬಂದವೆಂದರೆ, ಅನೇಕ ಕೇಳುಗರು ಅವೇ ಮೂಲ ಧಾಟಿಗಳೆಂದು ಭಾವಿಸುವಂತಾಯಿತು.

ಎರಡು ಪ್ರಸ್ತುತಿಗಳ ಭೇದ ಮುಖ್ಯವಾಗಿ ಗಾಯಕ ಮತ್ತು ಕೇಳುಗರ ಸಂಬಂಧದಲ್ಲಿದೆ. ಅಶ್ವತ್ಥ್ ಅವರ ಗಾಯನದಲ್ಲಿ ಪದದ ಪ್ರತಿ ಮಾತಿಗೂ ಒತ್ತು, ನಾಟಕೀಯ ಏರಿಳಿತ ಇರುತ್ತದೆ. ಕೇಳುಗರು ಕುಳಿತು ಆಲಿಸುತ್ತಾರೆ. ರಘು ದೀಕ್ಷಿತ್ ಅವರ ಪ್ರಸ್ತುತಿಯಲ್ಲಿ ಪಲ್ಲವಿಗೆ ಮತ್ತು ಲಯಕ್ಕೆ ಪ್ರಾಧಾನ್ಯ. ಕೇಳುಗರು ನಿಂತು, ಕುಣಿದು, ಕೂಡಿ ಹಾಡುತ್ತಾರೆ. ಮೊದಲನೆಯದರಲ್ಲಿ ಅರ್ಥ ಹೆಚ್ಚು ಸ್ಪಷ್ಟ. ಎರಡನೆಯದು ಭಜನೆಯ ಮೇಳದ ಪಾಲ್ಗೊಳ್ಳುವಿಕೆಗೆ ಹೆಚ್ಚು ಹತ್ತಿರ. ಶರೀಫರ ಪದಗಳಿಗೆ ಎರಡೂ ಗುಣಗಳು ಸಹಜವಾದ್ದರಿಂದ ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಆಕ್ಷೇಪಗಳು ಮತ್ತು ಸಮರ್ಥನೆ

ತತ್ವಪದಗಳನ್ನು ರಾಕ್ ಶೈಲಿಯಲ್ಲಿ ಹಾಡುವ ಬಗ್ಗೆ ಸಾಮಾನ್ಯವಾಗಿ ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು, ವಾದ್ಯಗಳ ಅಬ್ಬರದಲ್ಲಿ ಪದಗಳ ಅರ್ಥ ಮುಳುಗುತ್ತದೆ ಎಂಬುದು. ಸಾಹಿತ್ಯವೇ ಪ್ರಾಣವಾಗಿರುವ ಪ್ರಕಾರವೊಂದರ ವಿಷಯದಲ್ಲಿ ಇದು ತಳ್ಳಿಹಾಕುವಂತಹ ಆಕ್ಷೇಪವಲ್ಲ. ಪಲ್ಲವಿಯನ್ನು ಬಾಯಿಪಾಠ ಮಾಡಿಕೊಂಡು ನುಡಿಗಳನ್ನು ಗಮನಿಸದ ಕೇಳುಗರು ಇದ್ದೇ ಇರುತ್ತಾರೆ. ಈ ಕೊರತೆಯನ್ನು ತುಂಬುವ ಒಂದು ಕ್ರಮ ತಂಡದ ಕಾರ್ಯಕ್ರಮಗಳಲ್ಲಿದೆ: ಹಾಡುವ ಮೊದಲು ರಘು ದೀಕ್ಷಿತ್ ಅವರು ಪದದ ಅರ್ಥವನ್ನೂ ಶರೀಫರ ಪರಿಚಯವನ್ನೂ ಸಭೆಗೆ ಹೇಳುತ್ತಾರೆ. ತತ್ವಪದಗಳ ಸಾಂಪ್ರದಾಯಿಕ ಕೂಟಗಳಲ್ಲಿಯೂ ಹಾಡಿನ ನಡುವೆ ಅರ್ಥ ಬಿಡಿಸಿ ಹೇಳುವುದುಂಟು.

ಎರಡನೆಯ ಆಕ್ಷೇಪವು, ಸಾಧನೆಯ ಹಾಡುಗಳು ವೇದಿಕೆಯ ಮನರಂಜನೆಯಾಗಿ ಮಾರ್ಪಡುತ್ತವೆ ಎಂಬುದು. ತತ್ವಪದಗಳು ಇಂದಿಗೂ ಅನೇಕ ಹಳ್ಳಿಗಳಲ್ಲಿ ಭಜನೆಯ ರೂಪದಲ್ಲಿ ಜೀವಂತವಾಗಿವೆ. ಅಲ್ಲಿನ ಗಾಯಕರಿಗೆ ಸಿಗದ ಮನ್ನಣೆ ನಗರದ ತಂಡಕ್ಕೆ ಸಿಗುತ್ತದೆ ಎಂಬ ಪ್ರಶ್ನೆ ನ್ಯಾಯವಾದುದು. ಸುಗಮ ಸಂಗೀತವೂ ತನ್ನ ಕಾಲದಲ್ಲಿ ಎದುರಿಸಬೇಕಾದ ಪ್ರಶ್ನೆ ಇದು. ಇದಕ್ಕೆ ಹಾಡುಗಳಿಂದಷ್ಟೇ ಉತ್ತರ ಸಿಗಲಾರದು. ಕೇಳುಗರು ಮೂಲ ಗಾಯನವನ್ನೂ ಹುಡುಕಿ ಕೇಳಿದಾಗ ಮಾತ್ರ ಸಿಗಬಹುದು.

ಸಮರ್ಥನೆಯ ಪಕ್ಷದಲ್ಲಿ ಹೇಳಬಹುದಾದ ಮುಖ್ಯ ಮಾತೆಂದರೆ, ಶರೀಫರೇ ತಮ್ಮ ಕಾಲದ ಹೊಸ ವಸ್ತುಗಳನ್ನೂ ದಿನಬಳಕೆಯ ಸಾಮಗ್ರಿಗಳನ್ನೂ ಹಿಂಜರಿಯದೆ ಪದಗಳಿಗೆ ತಂದವರು. ಹುಕ್ಕಾ, ಮಾಳಿಗೆ, ಸಂತೆ, ಕೋಳಿ ಇವೆಲ್ಲ ಅವರಿಗೆ ತತ್ವ ಹೇಳುವ ಸಾಧನಗಳಾಗಿದ್ದವು. ಜನರು ಎಲ್ಲಿ ಕೂಡುತ್ತಾರೋ ಅಲ್ಲಿಗೆ ಹೋಗಿ, ಅವರಿಗೆ ಪರಿಚಿತವಾದುದರ ಮೂಲಕ ಮಾತನಾಡುವುದು ತತ್ವಪದದ ಧರ್ಮ. ಕಾಲೇಜಿನ ಉತ್ಸವ ಮತ್ತು ಸಂಗೀತ ಮೇಳಗಳಲ್ಲಿ ಕೂಡುವ ಯುವಜನರಿಗೆ ಗಿಟಾರ್ ಪರಿಚಿತ ವಸ್ತು.

ಮನ್ನಣೆ

2010ರಲ್ಲಿ ತಂಡವು ಬಿಬಿಸಿಯ 'ಲೇಟರ್... ವಿತ್ ಜೂಲ್ಸ್ ಹಾಲೆಂಡ್' ದೂರದರ್ಶನ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಹಾಡಿತು. ಅದೇ ವರ್ಷ ವಿಶ್ವ ಸಂಗೀತಕ್ಕೆ ಮೀಸಲಾದ 'ಸಾಂಗ್‌ಲೈನ್ಸ್' ಪತ್ರಿಕೆಯು ನೀಡುವ ಅತ್ಯುತ್ತಮ ಹೊಸ ಪ್ರತಿಭೆಯ ಪ್ರಶಸ್ತಿ ತಂಡಕ್ಕೆ ದೊರೆಯಿತು. ಇಂತಹ ವೇದಿಕೆಗಳಲ್ಲಿ ಕನ್ನಡ ಅರಿಯದ ಶ್ರೋತೃಗಳ ಮುಂದೆ ಶರೀಫರ ಪದಗಳನ್ನು ಕನ್ನಡದಲ್ಲಿಯೇ ಹಾಡಲಾಯಿತು. ವಿದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಎರಡನೆಯ ತಲೆಮಾರಿನವರಿಗೂ ಇಂತಹ ಗೀತೆಗಳು ಕನ್ನಡವನ್ನು ಕೇಳುವ ಒಂದು ದಾರಿಯಾಗಬಲ್ಲವು.

ಇತರ ತಂಡಗಳು

ಭಾರತದಲ್ಲಿ ಜನಪದ ಹಾಗೂ ಭಕ್ತಿಸಾಹಿತ್ಯವನ್ನು ರಾಕ್ ಸಂಗೀತಕ್ಕೆ ತಂದವರಲ್ಲಿ ದೆಹಲಿಯ ಇಂಡಿಯನ್ ಓಷನ್ ತಂಡ ಮೊದಲಿಗರಲ್ಲಿ ಒಂದು; ಅದರ 'ಕಂದೀಸ' ಸಂಪುಟ 2000ದಲ್ಲಿ ಬಂದಿತು. ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಸಂಪುಟವು 2009ರಲ್ಲಿಯೂ 'ಟೋಪಿವಾಲೇ' ಸಂಪುಟವು 2012ರಲ್ಲಿಯೂ ಬಿಡುಗಡೆಯಾದವು. ಈ ತಂಡದ ಪ್ರಧಾನ ಗಾಯಕ ವಾಸು ದೀಕ್ಷಿತ್ ಅವರು ರಘು ದೀಕ್ಷಿತ್ ಅವರ ತಮ್ಮ. ಕನ್ನಡದ 'ಈ ಭೂಮಿ' ಸ್ವರಾತ್ಮದ ಪ್ರಸಿದ್ಧ ಗೀತೆಗಳಲ್ಲಿ ಒಂದು. ಬೆಂಗಳೂರಿನ ಅಗಂ ತಂಡವು ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ಶೈಲಿಗೆ ಅಳವಡಿಸಿತು. ಈ ತಂಡಗಳ ಮಧ್ಯೆ ರಘು ದೀಕ್ಷಿತ್ ಪ್ರಾಜೆಕ್ಟ್‌ನ ವೈಶಿಷ್ಟ್ಯವು ಶರೀಫರೊಬ್ಬರ ಪದಗಳನ್ನು ಮತ್ತೆ ಮತ್ತೆ ಆರಿಸಿಕೊಂಡಿರುವುದರಲ್ಲಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಗೀತೆಗಳು ಇನ್ನೊಂದು ಬಗೆಯಲ್ಲಿಯೂ ಉಪಯುಕ್ತ. ಒಂದೇ ಪದದ ಮುದ್ರಿತ ಪಾಠ, ಭಜನೆಯ ಗಾಯನ, ಅಶ್ವತ್ಥ್ ಅವರ ಗಾಯನ ಮತ್ತು ಈ ತಂಡದ ಗಾಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಯಾವ ನುಡಿಗಳು ಉಳಿದಿವೆ, ಯಾವುವು ಬಿಟ್ಟುಹೋಗಿವೆ, ಉಚ್ಚಾರ ಎಲ್ಲಿ ಬದಲಾಗಿದೆ ಎಂಬುದು ತಿಳಿಯುತ್ತದೆ. ಮೌಖಿಕ ಸಾಹಿತ್ಯವು ಬಾಯಿಂದ ಬಾಯಿಗೆ ಸಾಗುವಾಗ ಪಡೆಯುವ ರೂಪಾಂತರಗಳ ಅಧ್ಯಯನಕ್ಕೆ 'ಸೋರುತಿಹುದು ಮನಿಯ ಮಾಳಿಗಿ' ಮತ್ತು 'ಕೋಡಗನ ಕೋಳಿ ನುಂಗಿತ್ತ' ಉತ್ತಮ ಉದಾಹರಣೆಗಳಾಗಿವೆ.